ಮೀಟರ್ ಬಂದ ವರ್ಷದ ಖಂಡೇಪೂಜೆ

ಹೋದ ವಾರ ಆಫೀಸಿನಲ್ಲಿ ನನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಹೊಸದನ್ನು ತರಲು ಹೋಗಿದ್ದೆ. ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುವ ಪವಾರ ಅವರು ಹಳೆಯದನ್ನು ಬೋರಲು ಹಾಕಿ, ಕೂಸಿನ ಬೆನ್ನು ತಟ್ಟಿದಂತೆ ನಾಲ್ಕು ಸಲ ತಟ್ಟಿದರು. ಕೀಬೋರ್ಡಿನ ಸಂದಿಯಿಂದ ಒಂದಿಷ್ಟು ಜೋಳದ ಹಿಟ್ಟು, ಮೂರು ಅಕ್ಷತೆ ಕಾಳು, ಚೆಂಡುಹೂವಿನ ಒಣಗಿದ ಎಸಳು, ಕೊನೆಗೆ ಒಂದು ಚಿಟಿಕೆ ಕುಂಕುಮ ಬಿಳಿ ಮೇಜಿನ ಮೇಲೆ ಬಿದ್ದವು.

"ಮ್ಯಾಡಮ್, ಇದರ ಲಗ್ನ ಗಿಗ್ನ ಮಾಡಿದ್ದಿರೇನು?" ಎಂದು ಮರಾಠಿಯಲ್ಲಿ ಕೇಳಿದರು.

ನಾನು ಬಗ್ಗಿ ಮೂಸಿದೆ. ಕುಂಕುಮಕ್ಕೆ ಹಳೆಯ ಕೊಬ್ಬರಿ ಎಣ್ಣೆಯ ಜಿಡ್ಡು ವಾಸನೆ, ಅದರ ಹಿಂದೆ ಕಬ್ಬಿಣದ ವಾಸನೆ. ಅಪ್ಪನ ಕೊಕ್ಕೆಯದು. ಎಷ್ಟೋ ವರ್ಷದ ಹಿಂದಿನ ವಾಸನೆ ಕೀಬೋರ್ಡಿನಲ್ಲಿ ಉಳಿದೀತೇ ಅಂತ ನೀವು ಕೇಳಬಹುದು. ನನ್ನ ಮೂಗಿಗೆ ಉಳಿದಿತ್ತು.

ಅದು ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ.

ನಾನು ಬಿ.ಕಾಂ. ಪದವೀಧರೆ. ನಮ್ಮ ಮನೆತನದಲ್ಲಿ, ಅಪ್ಪನ ಕಡೆಗೂ ಅವ್ವನ ಕಡೆಗೂ, ಮೊದಲನೆಯವಳು. ಈ ಮಾತನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳಿದ್ದೇನೆ. ಅಪ್ಪ ಬೆಳಗಾವಿ ಕಡೆಯ ಹಳ್ಳಿಯಿಂದ ಮದುವೆಗೂ ಮೊದಲೇ ಪುಣೆಗೆ ಬಂದವನು. ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಮೂವತ್ತು ವರ್ಷ ಉಳ್ಳಾಗಡ್ಡಿ, ಬೆಲ್ಲ, ಬೇಳೆಯ ಚೀಲ ಹೊತ್ತಿದ್ದಾನೆ. ಯಾರ್ಡಿನಿಂದ ನಡೆದು ಬರುವಷ್ಟು ದೂರದಲ್ಲಿ, ಬಿಬವೇವಾಡಿಯಲ್ಲಿ, ನಮ್ಮವು ಎರಡು ಖೋಲಿ. ನಾನು ಏಳನೆಯವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ, ಆಮೇಲೆ ಕಾಲೇಜಿನ ಇಂಗ್ಲಿಷು. ಇಂಗ್ಲಿಷು ಒಮ್ಮೆ ನನ್ನನ್ನು ಕೆಡವಿತು. ಎರಡನೆಯ ಸಲ ನಾನು ಅದನ್ನು ಕೆಡವಿದೆ. ಆ ಕುಸ್ತಿಯಲ್ಲಿ ಕಲಿತ ಪಟ್ಟು ಒಂದೇ: ಮೊದಲು ಪೂರ್ತಿ ಓದುವುದು, ಪೆನ್ಸಿಲ್ ಹಿಡಿದು ರಫ್ ವಹಿಯಲ್ಲಿ ಗುರುತು ಹಾಕುವುದು, ತಿಳಿಯಿತು ಅಂತ ಖಾತ್ರಿಯಾದ ಮೇಲೆಯೇ ಫೇರ್ ಬರೆಯುವುದು. ಪದವಿ ಸಿಕ್ಕಿದ್ದು ಹೀಗೆ, ನೌಕರಿ ಸಿಕ್ಕಿದ್ದೂ ಹೀಗೆ. ಈ ಪಟ್ಟನ್ನು ಬಿಡುವ ಪ್ರಶ್ನೆಯೇ ಇರಲಿಲ್ಲ.

ಕೆಲಸ ಕೋಥರೂಡಿನ ಒಂದು ಕಚೇರಿಯಲ್ಲಿ. ಆಸ್ಪತ್ರೆಗೆ ಸೇರಿದವರ ವಿಮೆ ಕ್ಲೇಮುಗಳ ತಪಾಸಣೆ. ಒಂದೊಂದು ಫೈಲು ಅರವತ್ತು ಎಪ್ಪತ್ತು ಪುಟದ ಕಾಗದದ ಕಟ್ಟು, ಮನೆಗೂ ಒಯ್ಯುವಂಥದು. ಬಿಲ್ಲು, ರಕ್ತದ ರಿಪೋರ್ಟು, ಡಾಕ್ಟರರ ಗೀಚು. ಓದಲು ನಲವತ್ತು ನಿಮಿಷ, ಟೈಪ್ ಮಾಡಲು ನಾಲ್ಕು. ಎಡಗಾಲು ಮುರಿದವರ ಫೈಲಿನಲ್ಲಿ ಬಲಗಾಲಿನ ಎಕ್ಸ್‌ರೇ ಇದ್ದದ್ದನ್ನು ಹಿಡಿದವಳು ನಾನೇ. ಅಲ್ಲಿಯವರೆಗೆ ನಾನು ಮುಗಿಸಿದ ಫೈಲು ತಪ್ಪಾಗಿದೆ ಅಂತ ಮೇಲಿನಿಂದ ವಾಪಸ್ ಬಂದದ್ದೇ ಇರಲಿಲ್ಲ.

ಆ ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ದಿನವೇ ಮೀಟರೂ ಬಂತು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮಗೆಲ್ಲ ಅದು ರಿಕ್ಷಾದ ಮೀಟರಿದ್ದಂತೆಯೇ. ವಾರಕ್ಕೆ ಮೂರು ದಿನ ನಾವು ಮನೆಯಿಂದ ಕೆಲಸ ಮಾಡುತ್ತಿದ್ದೆವು. ಮನೆಯಲ್ಲಿರುವವರು ಕೂತಿದ್ದಾರೋ ಮಲಗಿದ್ದಾರೋ ಅನ್ನುವ ಚಿಂತೆ ಮುಂಬೈಯ ದೊಡ್ಡ ಮೇಡಂಗೆ ಹತ್ತಿತಂತೆ. ಪ್ರತಿಯೊಬ್ಬರ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಕೂತಿತು. ಕೀಲಿ ಒತ್ತುತ್ತಿದ್ದರೆ, ಮೌಸ್ ಆಡಿಸುತ್ತಿದ್ದರೆ ಹಸಿರು. ಮೂರು ನಿಮಿಷ ಸುಮ್ಮನಿದ್ದರೆ ಹಳದಿ. ಐದಾದರೆ ಕೆಂಪು, ಅಲ್ಲಿಗೆ ನಿಮ್ಮ ಗಡಿಯಾರ ನಿಂತಿತು. ಹತ್ತು ನಿಮಿಷಕ್ಕೊಮ್ಮೆ ಪರದೆಯ ಫೋಟೋ ಬೇರೆ ಹೊಡೆದುಕೊಳ್ಳುತ್ತಿತ್ತು.

ನಮ್ಮ ಮ್ಯಾನೇಜರ್ ದೇಸಾಯಿ ಸರ್ ಧಾರವಾಡದವರು. ಕೋಥರೂಡಿನಲ್ಲಿ ಮನೆ ಮಾಡಿ ಇಪ್ಪತ್ತು ವರ್ಷವಾದರೂ ಧಾರವಾಡವನ್ನು ಬಾಯಿಂದ ಇಳಿಸಿರಲಿಲ್ಲ. ಉಳಿದವರ ಜತೆ ಮರಾಠಿ, ಮುಂಬೈಯವರ ಜತೆ ಇಂಗ್ಲಿಷು, ನನ್ನೊಬ್ಬಳ ಜತೆ ಕನ್ನಡ. ಬೈಯುವುದಿದ್ದರೆ ಮಾತ್ರ ಎಲ್ಲರಿಗೂ ಕನ್ನಡವೇ. ಒಂದು ವಾರ ಕಳೆದ ಮೇಲೆ ನನ್ನನ್ನು ಕರೆದರು.

"ಮಹಾದೇವಿ, ಕೂಡ್ರಿ. ನೀವು ದಿನಾ ಒಂಬತ್ತು ತಾಸು ಕುರ್ಚಿ ಬಿಟ್ಟು ಏಳಂಗಿಲ್ಲ ಅನ್ನೂದು ನನಗ ಗೊತ್ತದ. ಈ ಮೀಟರ್ ಏನನ್ನಲಿಕ್ಕತ್ತದ ಗೊತ್ತೇನ್ರಿ? ಎರಡೂವರೆ ತಾಸು."

"ಉಳದ ಹೊತ್ತು ಓದತಿರ್ತೀನ್ರಿ ಸರ್."

"ಓದೂದು ಅದಕ್ಕ ಕಾಣಂಗಿಲ್ಲ. ಅದರ ಲೆಕ್ಕದಾಗ ಓದೂದು ಅಂದ್ರ ನಿದ್ದಿ."

"ಹಂಗಾರ ಆ ಬಲಗಾಲಿನ ಎಕ್ಸ್‌ರೇ ನಾ ನಿದ್ದಿಗಣ್ಣಾಗ ಹಿಡದೆನೇನ್ರಿ?"

"ಹಿಡದ್ರಿ, ಒಪ್ಪಿದೆ. ಆದ್ರ ಹಿಡಿಯೂ ಮುಂದ ಮೌಸ್ ಅಳಗ್ಯಾಡಿಸಬೇಕಿತ್ತು ನೋಡ್ರಿ."

ಮಾತಾಡುವಾಗ ಅವರ ಬಲಮೊಣಕಾಲು ಮೇಜಿನಡಿ ಕುಣಿಯುತ್ತಿತ್ತು. ಅದು ಅವರ ಹುಟ್ಟಾ ಚಾಳಿ. ಆ ಹೊತ್ತು ಮೊಣಕಾಲಿನ ಮೇಲೆ ತಂತಿಯಿಲ್ಲದ ಮೌಸೊಂದು ಕೂತು ಅದರ ಜತೆಗೇ ಕುಣಿಯುತ್ತಿರುವುದನ್ನು ನೋಡಿದೆ. ಅವರ ಚುಕ್ಕೆ ಅಚ್ಚ ಹಸಿರು.

ನಾನು ನೋಡಿದ್ದನ್ನು ಅವರೂ ನೋಡಿ, ದನಿ ಇಳಿಸಿದರು. "ಮಹಾದೇವಿ, ದೀಪಾವಳಿಗೆ ನಿಮ್ಮ ಪ್ರೊಬೇಶನ್ ಮುಗೀತದ. ದಿನಕ್ಕ ಸರಾಸರಿ ಆರು ತಾಸು ಹಸರ ಇಲ್ಲದವರಿಗೆ ಕಾಯಂ ಪತ್ರ ಕೊಡಬ್ಯಾಡ್ರಿ ಅಂತ ಮೇಡಂ ಬರದಾರ. ಇದು ನನ್ನ ಕೈಯಾಗಿಲ್ಲ."

ಮೊಣಕಾಲು ಮಾತ್ರ ಅವರ ಕೈಯಲ್ಲಿತ್ತು ಅನ್ನಬೇಕು.

ಕಾಯಂ ಪತ್ರ ನನ್ನೊಬ್ಬಳದಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಅಪ್ಪನ ಬೆನ್ನು ಆಗಲೇ ಸೋತಿತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದವನು ಗೋಡೆ ಹಿಡಿದು ನೆಟ್ಟಗಾಗಲು ಐದು ನಿಮಿಷ ಬೇಕಾಗುತ್ತಿತ್ತು. ಬಿಡಪ್ಪಾ ಅಂದರೆ, "ನಿನ್ನ ಕಾಯಂ ಕಾಗದ ಬಂದ ದಿನ ಕೊಕ್ಕಿ ಗೂಟಕ್ಕ ಹಾಕ್ತೀನಿ, ಒಂದ ದಿನ ಮುಂಚೇನೂ ಇಲ್ಲ" ಅನ್ನುತ್ತಿದ್ದ. ಕೊಕ್ಕೆ ಅಂದರೆ ಚೀಲಕ್ಕೆ ಸಿಕ್ಕಿಸಿ ಎಳೆಯುವ, ಕಟ್ಟಿಗೆಯ ಹಿಡಿಯಿರುವ ಕಬ್ಬಿಣದ ಮೊನೆ. ಹಮಾಲರ ಎರಡನೆಯ ಕೈ. ದೀಪಾವಳಿಗೆ ಮಗಳು ಕಾಯಂ ಆಗುತ್ತಾಳೆ ಅಂತ ಅವನು ಯಾರ್ಡಿನ ತುಂಬ ಹೇಳಿಕೊಂಡು ಬಂದಿದ್ದ. ಬೆಲ್ಲದ ಅಂಗಡಿಯವರು ಎದುರು ಸಿಕ್ಕಾಗ ನನಗೇ, "ಏನವಾ, ಆತೇನು?" ಅನ್ನುವಷ್ಟು.

ಆ ಮಳೆಗಾಲದಲ್ಲಿ ಕಚೇರಿಯ ಜನ ಕೆಲಸಕ್ಕಿಂತ ಹೆಚ್ಚು ಬುದ್ಧಿ ಖರ್ಚು ಮಾಡಿದ್ದು ಮೀಟರಿಗೇ. ಚಹಾ ಕುಡಿಯಲು ಹೋಗುವವರು ಮೌಸನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದರು, ನಡೆದಷ್ಟೂ ಹಸಿರು. ನನ್ನ ಪಕ್ಕದ ಕುರ್ಚಿಯ ಸ್ನೇಹಲ್, ನನ್ನ ವಾರಗೆಯವಳು, ಮನೆಯಲ್ಲಿ ಟೇಬಲ್ ಫ್ಯಾನಿನ ಕೊರಳಿಗೆ ದಾರ ಕಟ್ಟಿ ಇನ್ನೊಂದು ತುದಿಗೆ ಮೌಸ್ ಕಟ್ಟಿದ್ದಳು. ಫ್ಯಾನು ಅತ್ತ ಇತ್ತ ತಿರುಗಿದಂತೆ ಮೌಸು ಮೇಜಿನ ಮೇಲೆ ವಾಕಿಂಗ್ ಮಾಡುತ್ತಿತ್ತು, ಇವಳು ಒಳಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ಅಗಂ ಮಹಾ, ನೀನೂ ಒಂದು ಫ್ಯಾನ್ ತಗೋ" ಅಂತ ಮರಾಠಿಯಲ್ಲಿ ದಿನಾ ಉಪದೇಶ. ಮಳೆಗೆ ಕರೆಂಟು ಹೋದ ದಿನ ಮಾತ್ರ ಅವಳ ಫೋನು ಬರುತ್ತಿತ್ತು: "ಮಹಾ, ನಾನು ಸತ್ತೆ, ಫ್ಯಾನ್ ನಿಂತಿದೆ."

ನನಗೆ ಫ್ಯಾನ್ ಕಟ್ಟಲು ಮನಸ್ಸಾಗಲಿಲ್ಲ. ದೊಡ್ಡ ಸತ್ಯವಂತೆ ಅಂತಲ್ಲ. ಪದವಿ ತೆಗೆದುಕೊಂಡು ಕೊನೆಗೆ ದಾರ ಕಟ್ಟುವುದೇ ಅಂತ ಸಿಟ್ಟು.

ಅಪ್ಪ ಯಾರ್ಡಿನಿಂದ ಮಧ್ಯಾಹ್ನ ಮೂರರ ಹೊತ್ತಿಗೆ ಬರುತ್ತಿದ್ದ. ಒಂದು ದಿನ ಕೈಕಾಲು ತೊಳೆದು ನನ್ನ ಹಿಂದೆ ಬಂದು ನಿಂತ.

"ಮಾದೇವಿ, ನಿಮ್ಮ ಮುಕಾದಮ ಎಲ್ಲಿ ಕುಂದರ್ತಾನ?"

ಮುಕಾದಮ ಅಂದರೆ ಯಾರ್ಡಿನಲ್ಲಿ ಹಮಾಲರ ಮೇಲೆ ಕಣ್ಣಿಡುವವನು. ನಾನು ಚುಕ್ಕೆ ತೋರಿಸಿದೆ. "ಇದರಾಗ."

ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಚಾ ಕುಡ್ಯಾಕ ಹೋಗೂದಿಲ್ಲೇನ ಇಂವ?"

"ಇಲ್ಲ."

"ತಂಬಾಕ ತಿನ್ನೂದಿಲ್ಲ?"

"ಇಲ್ಲಪ್ಪಾ."

"ಹಂಗಾರ ಭಾಳ ಕೆಟ್ಟ ಮುಕಾದಮ ಬಿಡು" ಅಂದು ತಲೆ ಅಲ್ಲಾಡಿಸಿ ಊಟಕ್ಕೆ ಕೂತ.

ಅವ್ವನಿಗೆ ಕೆಂಪು ಚುಕ್ಕೆ ಕಂಡರೆ ಒಲೆಯ ಮೇಲೆ ಹಾಲು ಉಕ್ಕಿದಂತೆ ಗಾಬರಿ. ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದು, ಕೈಗೆ ಹಿಟ್ಟು ಹತ್ತಿದೆ ಅಂತ ಮೊಣಕೈಯಿಂದ ಒಂದು ಕೀಲಿ ಒತ್ತಿ ಹೋಗುತ್ತಿದ್ದಳು. ಹೀಗೆ ಒಮ್ಮೆ ಹರ್ನಿಯಾ ರೋಗಿಯ ವಯಸ್ಸು ನಾನೂರ ನಲವತ್ತನಾಲ್ಕಾಯಿತು. ಬೇಡವ್ವಾ ಅಂದೆ. "ಹೋಗ್ಲಿ ಬಿಡ, ಹಸರಾತಲ್ಲ" ಅಂದಳು.

ಶ್ರಾವಣದಲ್ಲಿ ನಾನೂ ಸೋತೆ. ಎಡಗೈಯಲ್ಲಿ ಮೌಸ್ ಆಡಿಸುತ್ತ ಓದಲು ಶುರು ಮಾಡಿದೆ. ಕೈ ಆಡಿದರೆ ಕಣ್ಣು ಅದರ ಹಿಂದೆ ಹೋಗುತ್ತದೆ. ಕಣ್ಣು ಹೋದರೆ ಸಾಲು ಹೋಗುತ್ತದೆ. ಆ ವಾರ ಹಸಿರು ಐದೂವರೆ ತಾಸಿಗೆ ಏರಿತು. ನನ್ನ ಜೀವಮಾನದಲ್ಲಿ ಮೊದಲ ಫೈಲು ವಾಪಸ್ ಬಂದದ್ದೂ ಅದೇ ವಾರ. ಐವತ್ತೆರಡು ವರ್ಷದ ಗಂಡಸೊಬ್ಬರ ಹೆಸರಿನಲ್ಲಿ ಹೆರಿಗೆಯ ಬಿಲ್ಲು ಬಂದಿತ್ತು, ನಾನು ಪಾಸು ಮಾಡಿದ್ದೆ.

ದೇಸಾಯಿ ಸರ್ ಫೈಲನ್ನು ಮುಂದಿಟ್ಟು, "ಕೂಸು ಆರಾಮದನೇನ್ರಿ?" ಅಂತಷ್ಟೇ ಕೇಳಿದರು.

ಆ ದಿನ ಬಸ್ಸಿನಲ್ಲಿ ಅತ್ತೆ. ಮನೆಗೆ ಬಂದು ರಫ್ ವಹಿ ತೆಗೆದು ಹೊಸ ಪುಟಕ್ಕೆ ಗೆರೆ ಹೊಡೆದೆ. ಕಾಯಂ ಆಗಲಿ ಬಿಡಲಿ, ಇನ್ನು ಗಂಡಸರಿಗೆ ಹೆರಿಗೆ ಮಾಡಿಸುವುದಿಲ್ಲ ಅಂತ ನಿಶ್ಚಯ ಮಾಡಿದೆ. ಮೀಟರು ಮತ್ತೆ ಎರಡೂವರೆಗೆ ಇಳಿಯಿತು. ಗಣಪತಿ ಬಂದು ಹೋದ, ಮಳೆ ಕಡಿಮೆಯಾಯಿತು. ಸ್ನೇಹಲ್‌ಳ ಫ್ಯಾನು ಒಂಬತ್ತು ತಾಸು ದುಡಿಯುತ್ತಿತ್ತು, ನಾನು ಎರಡೂವರೆ. ಅಪ್ಪನಿಗೆ ಮಾತ್ರ ಏನೂ ಹೇಳಲಾಗಲಿಲ್ಲ. ಗೋಡೆ ಹಿಡಿದು ಏಳುವವನಿಗೆ ಏನಂತ ಹೇಳುವುದು?

ಅಷ್ಟರಲ್ಲಿ ದಸರೆ ಬಂತು. ಖಂಡೇಪೂಜೆ ಆ ವರ್ಷ ಶನಿವಾರ, ಬನ್ನಿ ಕೊಡುವುದು ಭಾನುವಾರ.

ನಮ್ಮ ಮನೆಯ ಪದ್ಧತಿ ಬಿಗಿ. ದುಡಿದು ಹಾಕುವ ವಸ್ತುವನ್ನು ಖಂಡೇಪೂಜೆಯ ದಿನ ತೊಳೆದು, ಎಣ್ಣೆ ಸವರಿ, ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟರೆ, ಬನ್ನಿ ಮುಗಿದ ಮರುದಿನ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಅವುಗಳಿಗೆ ವರ್ಷಕ್ಕೆ ಅದೊಂದೇ ರಜೆ, ಅದೊಂದೇ ಸೂಟಿ. ಈಳಿಗೆಯನ್ನೂ ಪೂಜೆಗೆ ಇಡುವುದರಿಂದ ಆ ಎರಡು ದಿನ ನಮ್ಮಲ್ಲಿ ಹೆಚ್ಚಿದ ಪಲ್ಯ ಇಲ್ಲ. ಝುಣಕ, ರೊಟ್ಟಿ, ಹೋಳಿಗೆ. ಅಲ್ಲಿಯವರೆಗೆ ಜಗಲಿಯ ಮೇಲೆ ಇರುತ್ತಿದ್ದದ್ದು ಅಪ್ಪನ ಕೊಕ್ಕೆ ಮತ್ತು ಅವ್ವನ ಈಳಿಗೆ. ಆ ವರ್ಷ ಅವ್ವ ಹಠ ಹಿಡಿದಳು.

"ಮಗಳ ಆಯುಧಾ ನಡುವ ಇಡ್ರಿ."

ಲ್ಯಾಪ್‌ಟಾಪನ್ನು ಮುಚ್ಚಿ ಇಟ್ಟೆ. ಅವ್ವ ಒಪ್ಪಲಿಲ್ಲ. "ಮಾರಿ ಮುಚ್ಚಿದ್ರ ದೇವಿ ಏನ್ ನೋಡಬೇಕ? ತೆಗಿ. ದೀಪಾ ಹಚ್ಚಿಡು." ದೀಪ ಅಂದರೆ ಪರದೆಯ ಬೆಳಕು. ತೆರೆದೆ, ವಾಯರು ಹಚ್ಚಿದೆ. ಪರದೆಯ ಮೇಲೆ ಯಾರದೋ ಪಿತ್ತಕೋಶದ ಕ್ಲೇಮಿತ್ತು.

"ಇದೇನಿದು?"

"ಹೊಟ್ಟಿ ಆಪರೇಶನ್ನವ್ವಾ."

"ಥೂ, ದೇವರ ಮುಂದ ಹೊಟ್ಟಿ ಕೊಯ್ದಿದ್ದು ಇಡ್ತೀಯಾ? ತೆಗಿ ಅದನ್ನ. ಬಿಳೀ ಹಾಳಿ ತೆಗಿ. ಶ್ರೀ ಬರಿ."

ಬಿಳಿ ಹಾಳೆ ತೆರೆದೆ. ಅದರಲ್ಲಿ ಕನ್ನಡ ಬರೆಯಲು ಬರುತ್ತಿರಲಿಲ್ಲ, ಇಂಗ್ಲಿಷಿನಲ್ಲೇ ಶ್ರೀ ಅಂತ ನಾಲ್ಕು ಅಕ್ಷರ ಹೊಡೆದೆ. ಅವ್ವ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಚೆಂಡುಹೂವಿನ ಮಾಲೆಯನ್ನು ಪರದೆಯ ನೆತ್ತಿಗೆ ಏರಿಸಿದಳು. ಅಪ್ಪ ಎಣ್ಣೆ ಸವರಿದ ಕೊಕ್ಕೆಯನ್ನು ಎರಡೂ ಕೈಯಲ್ಲಿ ತಂದು ಲ್ಯಾಪ್‌ಟಾಪಿನ ಮೇಲೆಯೇ ಮಲಗಿಸಿದ. "ಎರಡೂ ಕೂಡೇ ಇರ್ಲಿ" ಅಂದ. ಅವನ ದನಿ ಒಂದು ನಮೂನೆ ಆಗಿತ್ತು, ಆದ್ದರಿಂದ ನಾನು ಕೊಕ್ಕೆಯ ಮೊನೆ ಎಲ್ಲಿ ಕೂತಿತು ಅಂತ ನೋಡಲು ಹೋಗಲಿಲ್ಲ. ಕರ್ಪೂರ ಬೆಳಗಿದೆವು, ಕೈಮುಗಿದೆವು, ಜಗಲಿಯ ಮುಂದಿನ ಬಟ್ಟೆಯ ತೆರೆ ಎಳೆದು ಹೊರಗೆ ಬಂದೆವು. ಆಗ ಬೆಳಿಗ್ಗೆ ಹತ್ತು ಗಂಟೆ.

ಭಾನುವಾರ ಸಂಜೆ ಇಲ್ಲಿರುವ ನಮ್ಮೂರವರ ಮನೆಗಳಿಗೆಲ್ಲ ಹೋಗಿ ಬನ್ನಿ ಕೊಟ್ಟು ಬಂದೆವು. ಸೋಮವಾರ ಬೆಳಿಗ್ಗೆ ಏಳಕ್ಕೆ ಅವ್ವ ಹೂವು ತೆಗೆದು ನನ್ನ ಆಯುಧ ನನ್ನ ಕೈಗೆ ಕೊಟ್ಟಳು. ಪರದೆಯ ತುಂಬ ಶ್ರೀಯ ಕೊನೆಯ ಅಕ್ಷರವೊಂದೇ, ಸಾಲು ಸಾಲು, ಪುಟ ಪುಟ. ಕೊಕ್ಕೆಯ ಮೊನೆ ಆ ಕೀಲಿಯ ಮೇಲೆ ಬಿದ್ದಿದೆ ಅಂತ ಗೊತ್ತಾಗಿ ಒಬ್ಬಳೇ ನಕ್ಕೆ, ಹಾಳೆ ಮುಚ್ಚಿದೆ, ಕೆಲಸಕ್ಕೆ ಕೂತೆ. ಮೀಟರಿನ ನೆನಪೇ ಆಗಲಿಲ್ಲ.

ನಮ್ಮ ವಾರದ ಲೆಕ್ಕ ಮುಗಿಯುವುದು ಸೋಮವಾರ ಬೆಳಿಗ್ಗೆ ಎಂಟಕ್ಕೆ. ಹನ್ನೊಂದಕ್ಕೆ ಎಲ್ಲರಿಗೂ ಒಂದು ಮೇಲ್ ಬಂತು. "ವಾರದ ತಾರೆ" ಅಂತ ಮೇಲೆ ನಕ್ಷತ್ರ, ಕೆಳಗೆ ನನ್ನ ಹೆಸರು, ಅದರ ಕೆಳಗೆ "ಐವತ್ತೇಳೂವರೆ ತಾಸು", ಎಲ್ಲದರ ಕೆಳಗೆ ಮುಂಬೈ ಮೇಡಂ ಸಹಿ. ಸ್ನೇಹಲ್ ಫೋನ್ ಮಾಡಿ, "ಮಹಾ, ನಿನ್ನ ಫ್ಯಾನ್ ಯಾವ ಕಂಪನಿಯದು?" ಅಂದಳು. ದೇಸಾಯಿ ಸರ್ ಫೋನ್ ಮಾಡಿ, "ಗುರುವಾರ ವಿಡಿಯೋ ಮೀಟಿಂಗದ. ನಿಮ್ಮ ಯಶಸ್ಸಿನ ಗುಟ್ಟು ಐದು ನಿಮಿಷ ಹೇಳಬೇಕಂತ. ಮತ್ತ ಕೇಳ್ರಿ, ನಿಮ್ಮ ಕಾಯಂ ಪತ್ರಾ ತಯಾರ ಮಾಡ್ರಿ ಅಂದಾರ ಮೇಡಂ" ಅಂದರು. ಅವರ ಖುಷಿ ಸುಳ್ಳಾಗಿರಲಿಲ್ಲ. ನಾನು ಹೋದ ವಾರ ಹೇಗೆ ದುಡಿದೆ ಅಂತ ಅವರು ಕೇಳಲಿಲ್ಲ, ನನಗೂ ತಲೆ ಓಡಲಿಲ್ಲ. ಒಳ್ಳೆಯ ಸುದ್ದಿಗೆ ಯಾರು ತಪಾಸಣೆ ಮಾಡುತ್ತಾರೆ? ಫೈಲುಗಳನ್ನು ಪುಟ ಪುಟ ಓದುವವಳು ನನ್ನ ಫೈಲನ್ನು ಮಾತ್ರ ಓದದೆ ಪಾಸು ಮಾಡಿಕೊಂಡೆ.

ಅವ್ವ ಓಣಿಗೆಲ್ಲ ಪೇಢೆ ಹಂಚಿಬಂದಳು. ಅಪ್ಪ ಬಂದ, ಪೇಢೆ ಬಾಯಿಗಿಟ್ಟುಕೊಂಡ, ಅರ್ಧಕ್ಕೆ ನಿಲ್ಲಿಸಿದ.

"ಎಷ್ಟ ತಾಸಂದಿ?"

"ಐವತ್ತೇಳೂವರಿ."

ಅಪ್ಪನಿಗೆ ಓದಲು ಬರೆಯಲು ಬರುವುದಿಲ್ಲ. ಪಾಳಿಯ ಲೆಕ್ಕ ಮಾತ್ರ ಬೆರಳಿನ ಗೆಣ್ಣಿನಲ್ಲಿದೆ. ಎಣಿಸಿದ. "ಹಗಲಿಗೆ ಎರಡೂವರಿ ಅಂತ ನೀನ ಅಳತಿದ್ದಿ, ನಾ ಕೇಳೇನಿ. ಐದ ದಿನಕ್ಕ ಹನ್ನೆರಡೂವರಿ. ಉಳದ ನಲವತ್ತೈದು ತಾಸು ಎಲ್ಲಿ ದುಡಿದಿ? ಶನಿವಾರ ಮನ್ಯಾಗಿದ್ದಿ. ಆದಿತ್ಯವಾರ ನನ್ನ ಕೂಡ ಬನ್ನಿ ಕೊಡಾಕ ಬಂದಿದ್ದಿ."

ನಾನು ಅಳುತ್ತಿದ್ದುದು ಅವನಿಗೆ ಗೊತ್ತಿದೆ ಅನ್ನುವುದು ಮೊದಲು ತಿಳಿಯಿತು. ಆಮೇಲೆ ಕೊಕ್ಕೆಯ ಮೊನೆ ನೆನಪಾಯಿತು. ಶನಿವಾರ ಬೆಳಿಗ್ಗೆ ಹತ್ತರಿಂದ ಸೋಮವಾರ ಬೆಳಿಗ್ಗೆ ಏಳರವರೆಗೆ. ನಲವತ್ತೈದಕ್ಕೆ ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೇಳಿದೆ. ಅವ್ವ ಎದ್ದು ಜಗಲಿಗೆ ಕೈಮುಗಿದಳು. "ದೇವೀನ ಕುಂತು ಮಾಡ್ಯಾಳ! ನಲವತ್ತೈದು ತಾಸು ಶ್ರೀ ಬರದಾಳ!"

"ದೇವಿ ಎಲ್ಲಿ ಬರದ್ಲು? ಬರದಿದ್ದು ನನ್ನ ಕೊಕ್ಕಿ" ಅಂದ ಅಪ್ಪ. ಒಂದು ಕ್ಷಣ ಅವನ ಮುಖದಲ್ಲಿ ಗರ್ವ ಕಂಡೆ. ಆಮೇಲೆ ಉಳಿದರ್ಧ ಪೇಢೆಯನ್ನು ತಾಟಿನಲ್ಲಿ ಇಟ್ಟ. "ಮಾದೇವಿ, ಹೊರದಿದ್ದ ಚೀಲಕ್ಕ ಲೆಕ್ಕದ ಗೀಟು ಹಾಕಿಸ್ಕೊಂಡ್ರ ಮರುದಿನ ಗಾಡಿ ಹತ್ರ ನಿಂದ್ರಾಕ ಮಾರಿ ಇರೂದಿಲ್ಲ. ಮುಂದ ನಿಂದು."

ಅವ್ವ ಜಗಳಕ್ಕೇ ಬಿದ್ದಳು. "ನಿಮ್ಮ ಬೆನ್ನ ನೋಡಕೊಳ್ರಿ ಮೊದಲ! ಹುಡಿಗಿ ಬ್ಯಾಡಂದ್ರೂ ಕಾಗದ ಬರಾಕತ್ತೈತಿ!"

"ನನ್ನ ಬೆನ್ನ ನನ್ನ ಹೆಸರಿಲೆ ನೋಯ್ತೈತಿ" ಅಂದ ಅಪ್ಪ. ಮಂಗಳವಾರ, ಬುಧವಾರ ಎರಡೂ ದಿನ ಬೆಳಿಗ್ಗೆ ಅವನು ಗೋಡೆ ಹಿಡಿದು ಏಳುವುದನ್ನು ಹಾಸಿಗೆಯಿಂದಲೇ ಕೇಳಿದೆ. ಹೇಳದೆ ಸುಮ್ಮನಿದ್ದರೆ ದೀಪಾವಳಿಯಿಂದ ಅವನು ಬೆಳಗಾಗುವವರೆಗೆ ಮಲಗಬಹುದು ಅಂತ ಒಂದು ಸಲ ಅಲ್ಲ, ಹತ್ತು ಸಲ ಅಂದುಕೊಂಡೆ.

ಗುರುವಾರ. ಕೋಥರೂಡಿನ ಮೀಟಿಂಗ್ ಕೋಣೆಯಲ್ಲಿ ಎಲ್ಲರೂ, ಗೋಡೆಯ ದೊಡ್ಡ ಪರದೆಯ ಮೇಲೆ ಮುಂಬೈ ಮೇಡಂ. ನನ್ನ ಹೆಸರು ಕರೆದರು, ಚಪ್ಪಾಳೆ ಹೊಡೆದರು. ನಾನು ರಫ್ ವಹಿಯಲ್ಲಿ ಬರೆದುಕೊಂಡಿದ್ದ ಇಂಗ್ಲಿಷನ್ನು ಓದಿದೆ. ಐವತ್ತೇಳೂವರೆ ತಾಸಿನಲ್ಲಿ ನನ್ನದು ಹನ್ನೆರಡೂವರೆ, ಉಳಿದದ್ದು ನನ್ನ ತಂದೆಯ ಕೊಕ್ಕೆಯದು. ತಂದೆ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರು. ಹಬ್ಬದ ದಿನ ಅದನ್ನು ಕೀಬೋರ್ಡಿನ ಮೇಲೆ ಇಟ್ಟಿದ್ದೆವು ಅಂತ.

ಮೇಡಂ ಹುಬ್ಬು ಗಂಟಿಕ್ಕಿದರು. "ಕೀಬೋರ್ಡಿನ ಮೇಲೆ? ಯಾಕೆ?"

ಖಂಡೇಪೂಜೆಗೆ ಇಂಗ್ಲಿಷಿನಲ್ಲಿ ಶಬ್ದ ಹುಡುಕಿದೆ, ಸಿಗಲಿಲ್ಲ. "ಅದಕ್ಕೆ ಸೂಟಿ ಕೊಟ್ಟಿದ್ದೆವು ಮೇಡಂ. ಸೂಟಿಯಲ್ಲಿ ಅದು ಕೆಲಸ ಮಾಡಿತು."

ಸ್ನೇಹಲ್ ಓಢಣಿ ಕಚ್ಚಿಕೊಂಡಳು.

"ಅಂದರೆ ಇದು ಸುಳ್ಳು ದಾಖಲೆ" ಅಂದರು ಮೇಡಂ.

"ಹೌದು ಮೇಡಂ. ನನ್ನ ದಿನದ ಎರಡೂವರೆ ತಾಸೂ ಇದೇ ಮೀಟರ್ ಹೇಳಿದ್ದು. ಅದೂ ಸುಳ್ಳು." ಇದು ವಹಿಯಲ್ಲಿ ಇರಲಿಲ್ಲ, ತಾನಾಗಿಯೇ ಬಂತು. ಇಂಗ್ಲಿಷಿನಲ್ಲಿ ರಫ್ ಇಲ್ಲದೆ ನಾನು ಆಡಿದ ಮೊದಲ ಮಾತು ಅದೇ ಇರಬೇಕು.

ಆಗ ದೇಸಾಯಿ ಸರ್ ಅವರ ಕುಣಿಯುವ ಮೊಣಕಾಲು ನಿಂತಿತು. ನಿಂತಿದ್ದೇ ತಡ, ಮೌಸು ಜಾರಿ ಫರ್ಶಿಯ ಮೇಲೆ ಟಪ್ಪಂತ ಬಿದ್ದು, ಉರುಳಿ ಉರುಳಿ, ಎಲ್ಲರಿಗೂ ಕಾಣುವಂತೆ ಕೋಣೆಯ ನಡುವೆ ಬೋರಲಾಗಿ ಕೆಂಪು ದೀಪ ಮಿನುಗಿಸುತ್ತ ನಿಂತಿತು.

"ಈ ವಿಷಯ ಆಮೇಲೆ ಮಾತಾಡೋಣ" ಅಂತ ಮೇಡಂ ಪರದೆಯಿಂದ ಹೋದರು.

ಕೆಲಸ ಹೋಯಿತು ಅಂತಲೇ ತಿಳಿದು ಮನೆಗೆ ಹೋದೆ. ಅಪ್ಪನಿಗೆ, "ಹೇಳಿದೆ" ಅಂದೆ. "ಛಲೋ ಆತು" ಅಂದ. ಮರುದಿನ ನಾಲ್ಕಕ್ಕೆ ಎಂದಿನಂತೆ ಕೊಕ್ಕೆ ಹೆಗಲಿಗೆ ಹಾಕಿಕೊಂಡು ಹೋದ.

ಆ ಮರುದಿನವೇ ದೇಸಾಯಿ ಸರ್ ತಮ್ಮ ಕೋಣೆಗೆ ಕರೆದರು. ಅವರ ಮುಂದೆ ಪರದೆಯ ಮೇಲೆ ನನ್ನ ಆ ಎರಡು ದಿನದ ಫೋಟೋಗಳು. ಇನ್ನೂರ ಎಪ್ಪತ್ತು. ಅಷ್ಟರಲ್ಲೂ ಅದೇ ಅಕ್ಷರ.

"ಏನ್ರಿ ಮಹಾದೇವಿ, ಇದು ಅಖಂಡ ನಾಮಜಪ ಆತಲ್ಲ" ಅಂದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, "ಮೇಡಂ ನಿಮ್ಮ ಮ್ಯಾಲೆ ಕ್ರಮಾ ತೊಗೊಳ್ಳೂಣು ಅಂದ್ರು. ತೊಗೊಳ್ಳೂಣ್ರಿ ಅಂದೆ. ಫೈಲಿಗೆ ಈ ಇನ್ನೂರೆಪ್ಪತ್ತು ಫೋಟೋ ಹಚ್ಚಬೇಕಾಗ್ತದ್ರಿ, ಒಂದನ್ನೂ ಯಾರೂ ತೆರದ ನೋಡಿಲ್ಲ ಅಂತ ಬರೀಬೇಕಾಗ್ತದ್ರಿ, ಅದರ ಮ್ಯಾಲೆ, ಮೇಡಂ, ನಿಮ್ಮ ಸಹಿ ಇರೂ ವಾರದ ತಾರೆ ಪತ್ರಾನೂ ಹಚ್ಚಬೇಕಾಗ್ತದ್ರಿ ಅಂದೆ. ಮೇಡಂ ಮೂರು ನಿಮಿಷ ಅಳಗ್ಯಾಡಲಿಲ್ಲ. ಹಳದೀ ಆಗಿಬಿಟ್ರು."

"ಆಮ್ಯಾಲೆ ಸರ್?"

"ಕೆಂಪಾಗೂದರಾಗ ನಾನ ಅಂದೆ, ಈ ಹುಡಿಗಿ ಕೆಲಸಾ ಅಳೀಲಿಕ್ಕೆ ನನ್ನ ಹತ್ರ ಇನ್ನೊಂದು ಪಟ್ಟಿ ಅದ ಅಂತ. ವರ್ಷದಾಗ ಯಾರ್ಯಾರ ಫೈಲು ಎಷ್ಟೆಷ್ಟು ವಾಪಸ್ ಬಂದಾವ ಅಂತ ಕಳಿಸಿದೆ. ಎಲ್ಲಾರದೂ ಡಜನ್ ಮ್ಯಾಲ, ನಿಮ್ಮದು ಒಂದು. ಆ ಒಂದು ಯಾವ ವಾರದ್ದು, ಆ ವಾರ ಮೀಟರ್ ಎಷ್ಟಿತ್ತು ಅನ್ನೂದನ್ನೂ ಕೆಳಗ ಬರದೆ."

ಅವರೇ, "ನನ್ನ ಮೌಸಿನ ಸುದ್ದಿ ಅವರು ಕೇಳಲಿಲ್ಲ, ನಾ ಹೇಳಲಿಲ್ಲ" ಅಂದರು. ಮೊಣಕಾಲು ಮತ್ತೆ ಶುರುವಾಗಿತ್ತು. ಈ ಸಲ ಮೇಲೆ ಏನೂ ಇರಲಿಲ್ಲ.

ಮೀಟರು ಹೋಯಿತು ಅಂದುಕೊಳ್ಳಬೇಡಿ. ಅದು ಈಗಲೂ ಇದೆ. ಅದಕ್ಕೆ "ಓದುತ್ತಿದ್ದೇನೆ" ಅನ್ನುವ ಗುಂಡಿಯೊಂದನ್ನು ಸೇರಿಸಿದರು. ಒತ್ತಿದರೆ ಮುಕ್ಕಾಲು ತಾಸು ಹಸಿರು. ಮರುವಾರದಿಂದ ಇಡೀ ಕಚೇರಿ ಭಯಂಕರ ಓದತೊಡಗಿತು. ಸ್ನೇಹಲ್‌ಳ ಫ್ಯಾನು ಮತ್ತೆ ಗಾಳಿ ಬೀಸುವ ಕೆಲಸಕ್ಕೆ ಮರಳಿತು. ಮುಂಬೈಯಿಂದ ಒಂದು ಸುತ್ತೋಲೆಯೂ ಬಂತು: ಕೀಬೋರ್ಡಿನ ಮೇಲೆ ಧಾರ್ಮಿಕ ಅಥವಾ ಇತರ ಯಾವುದೇ ವಸ್ತುವನ್ನು ಇಡತಕ್ಕದ್ದಲ್ಲ.

ಕಾಯಂ ಪತ್ರ ನರಕ ಚತುರ್ದಶಿಯ ಹಿಂದಿನ ದಿನ ಬಂತು. ಅಪ್ಪ ಊಟ ಮಾಡುತ್ತಿದ್ದ. ಇಂಗ್ಲಿಷಿನಲ್ಲಿ ಒಮ್ಮೆ ಓದಿಸಿದ, ಕನ್ನಡದಲ್ಲಿ ಒಮ್ಮೆ ಹೇಳಿಸಿದ, ಮತ್ತೆ ಇಂಗ್ಲಿಷಿನಲ್ಲಿ ಓದಿಸಿದ. ಕೈತೊಳೆದು ಎದ್ದು ಕೊಕ್ಕೆಯನ್ನು ಒರೆಸಿ, ಬಾಗಿಲ ಪಕ್ಕದ ಗೂಟಕ್ಕೆ ಹಾಕಿದ. ಸ್ವಲ್ಪ ಹೊತ್ತು ಅದರ ಮುಂದೆಯೇ ನಿಂತಿದ್ದ.

"ಮೂವತ್ತ ವರ್ಷ ಯಾರ್ಡಿನ್ಯಾಗ ದುಡೀತು" ಅಂದ. "ಆದ್ರ ಹೆಸರು ಬಂದಿದ್ದು ನೋಡು, ನಿಮ್ಮ ಕಂಪನ್ಯಾಗ ಮಾಡಿದ ಎರಡ ದಿನದ ಡ್ಯೂಟಿಗೆ. ಅದೂ ಇಂಗ್ಲೀಷ್‌ನ್ಯಾಗ."

ಇಷ್ಟೂ ನೆನಪಾಗುವ ಹೊತ್ತಿಗೆ ಪವಾರ ಅವರು ಬ್ರಶ್ಶಿನಿಂದ ಕುಂಕುಮವನ್ನು ಕಸದ ಡಬ್ಬಿಯ ಕಡೆ ಗುಡಿಸುತ್ತಿದ್ದರು. ತಡೆದೆ. ಒಂದು ಕಾಗದ ಕೇಳಿ, ಮೂರು ಅಕ್ಷತೆ ಕಾಳನ್ನು ಪೊಟ್ಟಣ ಕಟ್ಟಿ ಪರ್ಸಿಗೆ ಹಾಕಿಕೊಂಡೆ. ಅವರು ವಾಪಸಾತಿಯ ಫಾರಂ ಮುಂದಿಟ್ಟರು. ಈ ಯಂತ್ರವನ್ನು ಬಳಸಿದ ನೌಕರರ ಹೆಸರು, ಅದರ ಮುಂದೆ ವಿಭಾಗ. ನನ್ನ ಹೆಸರು ಬರೆದೆ. ಕೆಳಗಿನ ಸಾಲು ಖಾಲಿಯಿತ್ತು. ಅಲ್ಲಿ ಅಪ್ಪನ ಹೆಸರು ಬರೆದೆ.

ಪವಾರ ಅವರು ಫಾರಂ ತಿರುಗಿಸಿಕೊಂಡು ಓದಿದರು. "ಇವರು ಯಾರು ಮ್ಯಾಡಮ್? ಯಾವ ವಿಭಾಗ?"

"ಮಾರ್ಕೆಟ್ ಯಾರ್ಡ್" ಅಂದೆ.

ಅವರು ಬರೆದುಕೊಂಡರು.